1/8 ಡೆಮಿಯಲ್ಲಿ ಡಂಜನ್: ಹಳೇ ಆಟದ ಪುಸ್ತಿಕೆಗಳನ್ನು ಅಚ್ಚು ಹಾಕಿಸಿದ ಅನುಭವ

1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಅನ್ನೋ ಸಣ್ಣ ಊರಿನಿಂದ ಹೊರಬಿದ್ದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅನ್ನೋ, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ದಾಳ ಹಾಕುತ್ತಾ ಆಡುವ ಕಥೆಯಾಟದಲ್ಲಿ ಮುಖ್ಯವಾಗಿ ಇದ್ದದ್ದು ಇಷ್ಟೇ: ಒಂದು ಕಂದು ರಟ್ಟಿನ ಪೆಟ್ಟಿಗೆ, ಅದರೊಳಗೆ ಮೂರು ತೆಳ್ಳನೆ ಪುಸ್ತಿಕೆ. ಬೆಲೆ 10 ಡಾಲರ್. ಮೊದಲ ಸಲ ಸಾವಿರ ಪ್ರತಿ ಹಾಕಿಸಿ ಕೈಯಾರೆ ಪೆಟ್ಟಿಗೆಗೆ ತುಂಬಿ ಮಾರಿದ್ದರು. ಅದೇ ಆಟವನ್ನು 2013ರಲ್ಲಿ, ಈಗ ಅದರ ಒಡೆತನ ಇರುವ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ಮರುಮುದ್ರಿಸಿದಾಗ ಪುಸ್ತಿಕೆಗಳು ಮರದ ಪೆಟ್ಟಿಗೆಯಲ್ಲಿ ಕೂತಿದ್ದವು, ಬೆಲೆ ಸುಮಾರು 150 ಡಾಲರ್ ಆಗಿತ್ತು. ಅದಕ್ಕೂ ಹಿಂದಿನ ವರ್ಷ 1970ರ ದಶಕದ ಇದೇ ಆಟದ ‘ಅಡ್ವಾನ್ಸ್ಡ್’ ರೂಪದ ಮೂರು ದಪ್ಪ ಪುಸ್ತಕಗಳು ಮತ್ತೆ ಬಂದಿದ್ದವು. ಮಾರಾಟದ ಒಂದು ಪಾಲು ಆಟದ ಕರ್ತೃಗಳಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಅವರ ಸ್ಮಾರಕಕ್ಕೆ ಅಂತ ಇತ್ತು. ತಪ್ಪು ಹುಡುಕೋದಕ್ಕೇನಿಲ್ಲ, ಚೆನ್ನಾಗೇ ಮಾಡಿದ್ದರು. ಆದರೆ ಅವು ಶೋಕೇಸಿನಲ್ಲಿ ಇಡುವ ಪುಸ್ತಕಗಳು. ನಮ್ಮ ಬಳಗ ಆಡುವಾಗ ಮೇಜಿನ ಮೇಲೆ ಚುರುಮುರಿ ಇರುತ್ತೆ, ಕಾಫಿ ಲೋಟ ಇರುತ್ತೆ, ಪುಸ್ತಕ ಐದು ಜನರ ಕೈ ದಾಟಬೇಕು. ನನಗೆ ಬೇಕಿದ್ದದ್ದು 1974ರ ಅಗ್ಗದ ಪುಸ್ತಿಕೆಯ ಜಾಯಮಾನ.

ಹಳೇ ಪುಸ್ತಕಗಳ ಪಿಡಿಎಫ್ ಈಗ ಅಧಿಕೃತವಾಗಿಯೇ ಕೊಳ್ಳಲು ಸಿಗುತ್ತೆ, ಕೆಲವನ್ನು ಬೇಡಿಕೆಗೆ ತಕ್ಕಂತೆ ಅಚ್ಚು ಹಾಕಿಯೂ ಕಳಿಸುತ್ತಾರೆ. ಆದರೆ ನಮ್ಮ ದೇಶಕ್ಕೆ ತರಿಸಿಕೊಂಡರೆ ಸಾಗಣೆ ಖರ್ಚೇ ಪುಸ್ತಕವನ್ನು ನುಂಗುತ್ತೆ. ಮೇಲಾಗಿ ಅವು ಹಳೇ ಪುಟಗಳ ಸ್ಕ್ಯಾನ್. ಅದರಿಂದ ಇನ್ನೊಂದು ಆಕಾರದ ಪುಸ್ತಕ ಮಾಡಿ ಹಂಚುವ ಹಕ್ಕು ನಮಗಿಲ್ಲ. ಹಾಗಾಗಿ ನಾನು ಹಿಡಿದದ್ದು ಬೇಸಿಕ್ ಫ್ಯಾಂಟಸಿ ಅನ್ನೋ ಆಟವನ್ನ. ಕ್ರಿಸ್ ಗಾನರ್‌ಮನ್ ಅನ್ನುವವರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 1981ರ ಕಾಲದ ನಿಯಮಗಳ ಜಾಡಿನಲ್ಲೇ ಬರೆದದ್ದು. ಇಂಥ ಆಟಗಳು ಹುಟ್ಟಿದ್ದು 2000ದಲ್ಲಿ ವಿಝರ್ಡ್ಸ್ ಕಂಪನಿ ಕೊಟ್ಟ ಓಪನ್ ಗೇಮ್ ಲೈಸೆನ್ಸ್‌ನ, ಅಂದರೆ ತನ್ನ ನಿಯಮಗಳನ್ನು ಬೇರೆಯವರೂ ಬಳಸಬಹುದು ಅನ್ನೋ ಅನುಮತಿಯ, ಬಲದಿಂದ. 2023ರ ಜನವರಿಯಲ್ಲಿ ಕಂಪನಿ ಆ ಲೈಸೆನ್ಸನ್ನೇ ಬದಲಿಸಲು ಹೊರಟು, ಆಟಗಾರರು ತಿರುಗಿಬಿದ್ದು, ಕೊನೆಗೆ ಕಂಪನಿಯೇ ಹಿಂದೆ ಸರಿದ ಗಲಾಟೆ ಹಲವರಿಗೆ ನೆನಪಿರಬಹುದು. ಅದಾದ ಮೇಲೆ ಬೇಸಿಕ್ ಫ್ಯಾಂಟಸಿಯ ನಾಲ್ಕನೇ ಆವೃತ್ತಿ ಹಳೇ ಲೈಸೆನ್ಸನ್ನು ಕೈಬಿಟ್ಟು ಕ್ರಿಯೇಟಿವ್ ಕಾಮನ್ಸ್ ಅನ್ನೋ ಮುಕ್ತ ಲೈಸೆನ್ಸಿನ ಕಡೆಗೆ ಬಂತು. ಮೂಲದವರ ಹೆಸರು ಹೇಳಬೇಕು, ನಾವು ಮಾಡಿದ ರೂಪವನ್ನೂ ಅದೇ ಷರತ್ತಿನಲ್ಲಿ ಬಿಟ್ಟುಕೊಡಬೇಕು, ಅಷ್ಟೇ. ಎಲ್ಲಕ್ಕಿಂತ ದೊಡ್ಡ ಅನುಕೂಲ ಏನಪ್ಪಾ ಅಂದರೆ, ತಿದ್ದಬಲ್ಲ ಮೂಲ ಫೈಲುಗಳೇ ಸಿಗುತ್ತವೆ, ಲಿಬ್ರೆಆಫೀಸಿನಲ್ಲಿ ನೇರವಾಗಿ ತೆರೆಯಬಹುದು. ಚಿತ್ರಗಳ ಹಕ್ಕು ಒಂದೊಂದೂ ಒಬ್ಬೊಬ್ಬರದಾಗಿರುತ್ತೆ ಅಂತ ನಾನು ಅವನ್ನೆಲ್ಲ ತೆಗೆದು, ಗೆಳತಿಯೊಬ್ಬಳ ಕೈಲಿ ಹೊಸ ಚಿತ್ರಗಳನ್ನು ಶಾಯಿಯಲ್ಲಿ ಬರೆಸಿಕೊಂಡೆ. ಮುಖಪುಟದ ಮೇಲೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಹೆಸರು ಹಾಕುವ ಹಾಗಿಲ್ಲ, ಅದು ಟ್ರೇಡ್‌ಮಾರ್ಕು.

ಇನ್ನು ಗಾತ್ರದ ವಿಷಯ. 1974ರ ಪುಸ್ತಿಕೆಗಳ ಅಳತೆ 5.5 × 8.5 ಇಂಚು. ಅಮೆರಿಕದವರ ಲೆಟರ್ ಹಾಳೆಯನ್ನು ಮಧ್ಯಕ್ಕೆ ಮಡಿಸಿದರೆ ಬರುವ ಅಳತೆ ಅದು. ನಮ್ಮಲ್ಲಿ ಎಷ್ಟೋ ಕನ್ನಡ ಕಾದಂಬರಿಗಳ ಮೊದಲ ಪುಟಗಳನ್ನು ತೆರೆದು ನೋಡಿ: ‘ಬಳಸಿದ ಕಾಗದ 70 ಜಿಎಸ್ಎಂ ಎನ್.ಎಸ್. ಮ್ಯಾಪ್ಲಿಥೊ, 1/8 ಡೆಮಿ’ ಅಂತ ಇರುತ್ತೆ. (ಜಿಎಸ್ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ.) ಡೆಮಿ ಅನ್ನೋ ಅಳತೆಯ ದೊಡ್ಡ ಅಚ್ಚಿನ ಹಾಳೆಯನ್ನು ಮೂರು ಸಲ ಮಡಿಸಿ ಅಂಚು ಕತ್ತರಿಸಿದರೆ ಬರುವುದೂ ಅದೇ 5.5 × 8.5! ನಮ್ಮ ಕಣ್ಣಿಗೂ ಕೈಗೂ ಒಗ್ಗಿಹೋದ ಅಳತೆ, ಮತ್ತೆ ಯೋಚನೆ ಮಾಡುವಂಥದ್ದೇನೂ ಉಳಿಯಲಿಲ್ಲ. ಜೆರಾಕ್ಸ್ ಅಂಗಡಿಯ ಎ4 ಹಾಳೆಯನ್ನು ಮಡಿಸಿದರೆ ಈ ಆಕಾರ ಬರಲ್ಲ, ಎತ್ತರ ಆರು ಮಿಲಿಮೀಟರು ಕಡಿಮೆ ಬೀಳುತ್ತೆ.

ಬೆಂಗಳೂರಿನ ಸುಲ್ತಾನ್‌ಪೇಟೆಯ ಸುತ್ತಮುತ್ತ ಲಗ್ನಪತ್ರಿಕೆ ಅಚ್ಚು ಹಾಕುವ ಡಿಜಿಟಲ್ ಪ್ರೆಸ್ಸುಗಳಲ್ಲಿ 12 × 18 ಇಂಚಿನ ಹಾಳೆ ಓಡುತ್ತೆ. ಒಂದು ಜೋಡಿಪುಟ 11 × 8.5, ಒಂದರ ಕೆಳಗೊಂದು ಎರಡು ಇಟ್ಟರೆ 11 × 17. ಹಾಳೆಯಲ್ಲಿ ಸರಿಯಾಗಿ ಕೂರುತ್ತೆ. ಹೀಗೆ 64 ಪುಟದ ಪುಸ್ತಿಕೆಗೆ, ಎರಡೂ ಬದಿ ಹೊಡೆದರೆ, ಎಂಟೇ ಹಾಳೆ ಸಾಕು. ಆಫ್‌ಸೆಟ್ ಕೇಳಲೂಬೇಡಿ, ಪ್ಲೇಟಿನ ಖರ್ಚು ಗಿಟ್ಟಬೇಕಾದರೆ ನೂರಾರು ಪ್ರತಿ ಬೇಕು.

64 ಪುಟ ಅನ್ನೋದು ಸುಮ್ಮನೆ ಬಂದ ಲೆಕ್ಕ ಅಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 1981ರ ‘ಬೇಸಿಕ್’ ನಿಯಮಪುಸ್ತಕವೂ 64 ಪುಟ, ಅದರ ಜೊತೆಯ ಎಕ್ಸ್‌ಪರ್ಟ್ ಪುಸ್ತಕವೂ ಅಷ್ಟೇ. ಹಾಳೆ ಬಿಡಿಸಿ ಫೈಲಿಗೆ ಹಾಕಿಕೊಳ್ಳಲಿ ಅಂತ ಅಂಚಿಗೆ ಮೂರು ತೂತು ಬೇರೆ ಹೊಡೆದಿರುತ್ತಿದ್ದರು. ಆಟದ ಪುಸ್ತಕವನ್ನು ಕಿತ್ತು ಬಳಸಿ ಅಂತ ಪ್ರಕಾಶಕರೇ ಹೇಳುತ್ತಿದ್ದ ಕಾಲ! ನಮ್ಮ ಬೈಂಡರ್ ಕೂಡ ಕೇಳಿದ ತಕ್ಷಣ ಅದೇ ಲೆಕ್ಕಕ್ಕೆ ಬಂದರು. “ಅರವತ್ನಾಕು ಪೇಜ್ ತನಕ ಸೆಂಟರ್ ಪಿನ್ ಹೊಡ್ಕೊಡ್ತೀನಿ ಸಾರ್. ಅದ್ರ ಮೇಲೆ ಹೋದ್ರೆ ಉಬ್ಕೊಳುತ್ತೆ, ಆಮೇಲೆ ನನ್ನ ಬೈಬೇಡಿ.” ಬೇಸಿಕ್ ಫ್ಯಾಂಟಸಿಯ ಪೂರ್ತಿ ಪುಸ್ತಕ ಇನ್ನೂರು ಪುಟಕ್ಕೂ ಹೆಚ್ಚು. ಆಡುತ್ತಾ ಆಡುತ್ತಾ ಪಾತ್ರಗಳು ಲೆವೆಲ್ ಏರುತ್ತವೆ, ಆದರೆ ನಮ್ಮಲ್ಲಿ ಆರನೇ ಲೆವೆಲ್ ದಾಟುವವರೆಗೆ ಬದುಕಿ ಉಳಿಯುವ ಪಾತ್ರಗಳೇ ಕಡಿಮೆ. ಹಾಗಾಗಿ ಆರರಿಂದಾಚೆಗಿನದ್ದಕ್ಕೆ ಕತ್ತರಿ ಹಾಕಿದೆ. ಮಂತ್ರಗಳೂ ಮೂರನೇ ಹಂತಕ್ಕೇ ನಿಂತವು. ಆಟಗಾರರಿಗೆ ಒಂದು, ರಾಕ್ಷಸರು ಮತ್ತು ನಿಧಿಗೆ ಒಂದು, ಆಟ ನಡೆಸುವವರಿಗೆ ಒಂದು. 1974ರ ಮೂಲದ ಹಾಗೇ ಮೂರು ಪುಸ್ತಿಕೆ.

ಇಷ್ಟು ಹೊತ್ತಿಗೆ ಪುಟಗಳನ್ನು ಒಂದರ ಹಿಂದೊಂದು ಸುರಿದು ಕೈತೊಳೆದುಕೊಳ್ಳುವ ಆಸೆ ಬರುತ್ತೆ. ಬೇಡ. ನಡುವೆ ಪಿನ್ ಹೊಡೆದ ಪುಸ್ತಿಕೆಯಲ್ಲಿ ತಾನಾಗಿಯೇ ಚಪ್ಪಟೆಯಾಗಿ ತೆರೆದುಕೊಳ್ಳುವ ಜಾಗ ಒಂದೇ, ಅದು ನಟ್ಟನಡುವಿನ ಜೋಡಿಪುಟ. 64ರಲ್ಲಿ 32 ಮತ್ತು 33. ಆಟದ ನಡುವೆ ಪದೇಪದೇ ಬೇಕಾಗುವ ಪಟ್ಟಿಗಳು ಯಾವುವು? ಹೊಡೆತ ತಾಗಿತೋ ಇಲ್ಲವೋ ನೋಡುವ ಪಟ್ಟಿ, ವಿಷ-ಮಂತ್ರಗಳಿಂದ ಪಾರಾಗುವ ಸೇವಿಂಗ್ ಥ್ರೋ ಪಟ್ಟಿ. ಆ ಎರಡನ್ನೂ ಅಲ್ಲಿಗೇ ತಂದು ಕೂರಿಸಿದೆ. ಅದಕ್ಕಾಗಿ ಮುಂದಿನ ಅಧ್ಯಾಯ ಹಿಂದೆ, ಹಿಂದಿನದು ಮುಂದೆ ಆಯಿತು. ಓದುವ ಕ್ರಮ ಸ್ವಲ್ಪ ಕೆಟ್ಟಿತು ಅನ್ನಿ, ಆದರೆ ಇದು ಓದಿ ಮುಗಿಸುವ ಪುಸ್ತಕವಲ್ಲ. ಸಾಮಾನಿನ ಬೆಲೆಪಟ್ಟಿ, ಅಂದರೆ ಹಗ್ಗ, ದೀವಟಿಗೆ, ಹತ್ತಡಿ ಗಳು ಇತ್ಯಾದಿ, ಹಿಂಬದಿ ರಕ್ಷಾಪುಟದ ಒಳಮೈಗೆ ಹೋಯಿತು. ಪುಸ್ತಕ ಮಗುಚಿದರೆ ಸಾಕು, ಅಂಗಡಿ ಸಿಕ್ಕಿತು.

ಎಂಟು ದೊಡ್ಡ ಹಾಳೆ ಅರ್ಧಕ್ಕೆ ಕತ್ತರಿಸಿ ಬಂದ ಹದಿನಾರು ಹಾಳೆ ಒಂದರೊಳಗೊಂದು ಮಡಚಿದಾಗ ಒಳಗಿನ ಹಾಳೆ ಹೊರಕ್ಕೆ ಚಾಚಿಕೊಳ್ಳುತ್ತೆ. 70 ಜಿಎಸ್ಎಂನಲ್ಲಿ ಒಂದೂವರೆ-ಎರಡು ಮಿಲಿಮೀಟರು. ಕಟಿಂಗ್ ಮೆಷಿನ್ನು ಆ ಚಾಚಿಕೊಂಡ ಅಂಚನ್ನು ಹಾರಿಸಿಬಿಡುತ್ತೆ. ಅಕ್ಷರ ಅಂಚಿಗೆ ಹತ್ತಿರ ಇದ್ದರೆ ಅದೂ ಹೋಗುತ್ತೆ. ನಡುವಿನ ಪುಟದಲ್ಲೇ ನಮ್ಮ ಮುಖ್ಯ ಪಟ್ಟಿ ಇರುವುದರಿಂದ ಹೊರ ಅಂಚಿಗೆ ಧಾರಾಳವಾಗಿ ಹದಿನೈದು ಮಿಲಿಮೀಟರು ಬಿಟ್ಟೆ. ಕಾಗದದ ಗ್ರೇನ್, ಅಂದರೆ ಅದರ ನಾರು ಓಡುವ ದಿಕ್ಕನ್ನೂ, ಕೇಳಿ ತಗೊಳ್ಳಿ. ಹಾಳೆಯನ್ನು ಎರಡೂ ದಿಕ್ಕಿಗೆ ಹರಿದು ನೋಡಿದರೆ ತಿಳಿಯುತ್ತೆ: ಗ್ರೇನ್ ಉದ್ದಕ್ಕೆ ನೇರವಾಗಿ ಹರಿಯುತ್ತೆ, ಅಡ್ಡಕ್ಕೆ ಸೊಟ್ಟಸೊಟ್ಟ ಹೋಗುತ್ತೆ. ಗ್ರೇನ್ 18 ಇಂಚಿನ ಕಡೆಗೆ ಓಡುತ್ತಿದ್ದರೆ ನಮ್ಮ ಮಡಿಕೆಯೂ ಅದೇ ದಿಕ್ಕಿಗೆ ಬೀಳುತ್ತೆ, ಪುಸ್ತಿಕೆ ಬಾಳೆಎಲೆ ಥರ ಬಳುಕುತ್ತೆ. ಉಲ್ಟಾ ಆದರೆ ಮುಚ್ಚಿಟ್ಟರೂ ಬಾಯಿ ಬಿಟ್ಟುಕೊಂಡೇ ಇರುತ್ತೆ. ರಕ್ಷಾಪುಟಕ್ಕೆ 250 ಜಿಎಸ್ಎಂ ಕಂದು ಕಾರ್ಡು, ಮಡಿಸುವ ಮೊದಲು ಕ್ರೀಸಿಂಗ್ (ಮಡಿಕೆಯ ಗೆರೆ ಒತ್ತಿಸೋದು) ಮಾಡಿಸಲೇಬೇಕು. ಲ್ಯಾಮಿನೇಷನ್ ಮಾಡಿಸಿ ಅಂತ ಅಂಗಡಿಯವರು ಒತ್ತಾಯ ಮಾಡಿದರು. ನಾನು ಒಪ್ಪಲಿಲ್ಲ, ಕಂದು ಕಾರ್ಡಿನ ಮೇಲೆ ಆ ಹೊಳಪು ನೋಡೋಕಾಗಲ್ಲ.

ರಕ್ಷಾಪುಟ ಕತ್ತರಿಸಿದ ಮೇಲೆ ಕಾರ್ಡಿನ ಪಕ್ಕದಲ್ಲಿ ಒಂದಿಂಚು ಅಗಲದ ಪಟ್ಟಿ ಉಳಿಯುತ್ತೆ. ಅದರಲ್ಲಿ 1ರಿಂದ 20ರವರೆಗಿನ ಅಂಕೆಗಳ ಸಣ್ಣ ಚೀಟಿ ಹಾಕಿಸಿದೆ. 1970ರ ದಶಕದ ಕೊನೆಗೆ ದಾಳ ಸಾಲದೆ ಹೋದಾಗ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಆಗಿನ ಪ್ರಕಾಶಕರೂ ಪೆಟ್ಟಿಗೆಯಲ್ಲಿ ದಾಳದ ಬದಲು ಅಂಕೆಚೀಟಿ ಇಟ್ಟು ಮಾರಿದ್ದರು. ಲೋಟದಲ್ಲಿ ಹಾಕಿ ಎತ್ತಿದರೆ ಇಪ್ಪತ್ತು ಮುಖದ ದಾಳದ ಕೆಲಸ ಆಗುತ್ತೆ. ದಾಳ ಮರೆತು ಬರುವ ಮಹಾನುಭಾವರಿಗೆ ಇದೇ ಗತಿ.

ಆಟಗಾರರು ತಮ್ಮ ಪಾತ್ರದ ವಿವರ ಬರೆದುಕೊಳ್ಳುವ ಹಾಳೆಯನ್ನು ಮಾತ್ರ ಕನ್ನಡದಲ್ಲಿ ಮಾಡಿದೆ, ಅಕ್ಕನ ಮಗಳು ಮತ್ತವಳ ಗೆಳತಿಯರು ಆಡುತ್ತಾರೆ ಅಂತ. ಇಂಗ್ಲಿಷಿನ ಸಾಲಿನ ಅಂತರ ಕನ್ನಡಕ್ಕೆ ಸಾಲದು, ಒತ್ತಕ್ಷರ ಕೆಳಗಿನ ಗೆರೆಗೆ ತಾಗಿ ಗೀಟಿನೊಳಗೆ ಮುಳುಗುತ್ತೆ. ಒಂದೂವರೆ ಪಟ್ಟು ಬಿಟ್ಟರೆ ಪೆನ್ಸಿಲಿನಲ್ಲಿ ಬರೆಯಲೂ ಜಾಗ ಸಿಗುತ್ತೆ. ಅವಳು ಮೊದಲ ಆಟದಲ್ಲೇ ಕೇಳಿದ್ದು, “ಮಾಮ, ಸತ್ತೋದ್ರೆ ಹೊಸ ಹಾಳೆ ಕೊಡ್ತೀಯಾ, ಇಲ್ಲಾ ಇದನ್ನೇ ಅಳಿಸ್ಬೇಕಾ?” ಒಂದಷ್ಟು ಹಾಳೆ ಹೆಚ್ಚಿಗೇ ಹಾಕಿಸಿಡಿ. ಹಳೇ ನಿಯಮದಲ್ಲಿ ಒಂದನೇ ಲೆವೆಲ್ಲಿನ ಮಾಂತ್ರಿಕನಿಗೆ ನಾಲ್ಕು ಮುಖದ ಒಂದು ದಾಳದಷ್ಟೇ ಜೀವ.

ಪುಸ್ತಿಕೆಗಳನ್ನು ಮಾರಿಲ್ಲ, ಬಳಗಕ್ಕೆ ಹಂಚಿದ್ದೇನೆ. ಕೇಳಿದವರಿಗೆ ಫೈಲನ್ನೇ ಕೊಡುತ್ತೇನೆ, ಲೈಸೆನ್ಸಿನ ಪುಟ ತೆಗೆಯಬೇಡಿ ಅನ್ನೋದೊಂದೇ ಮಾತು. ಕರಾವಳಿಯ ಕಡೆಯವರು ಹಾಕಿಸುವುದಾದರೆ ಪಿನ್ ಬದಲು ದಾರದಲ್ಲಿ ಹೊಲಿಸಿ. ಮೂರು ತೂತು, ಮೇಣ ಸವರಿದ ದಾರ, ಗಂಟು ಒಳಗಡೆಗೆ. ಮಳೆಗಾಲದ ತೇವಕ್ಕೆ ಪಿನ್ ತುಕ್ಕು ಹಿಡಿದರೆ ಮೊದಲು ಕಲೆಯಾಗೋದು ಆ 32-33ನೇ ಪುಟವೇ.