"ಮೆಕ್ಯಾನಿಕಲ್ ಓದಿ ಬ್ಯಾಂಕಿಗೆ ಯಾಕೆ?" ಮೂರನೇ ಸಲ ನಾನು ಕೊಟ್ಟ ಉತ್ತರ

ಸರ್ಕಾರಿ ಬ್ಯಾಂಕಿನ ಆಫೀಸರ್ ಹುದ್ದೆಗೆ ನಡೆಯುವ ಐಬಿಪಿಎಸ್ ಪಿಓ ಇಂಟರ್ವ್ಯೂಗೆ ನಾನು ಮೂರು ಸಲ ಕೂತಿದ್ದೇನೆ. ಮೊದಲ ಸಲ ನೂರಕ್ಕೆ 43, ಎರಡನೇ ಸಲ 47 ಇರಬೇಕು, ಮೂರನೇ ಸಲ 71. ಮೇನ್ಸ್, ಅಂದರೆ ಮುಖ್ಯ ಪರೀಕ್ಷೆಯ ಅಂಕ ಮೂರೂ ಸಲ ಹೆಚ್ಚೂಕಡಿಮೆ ಅಷ್ಟೇ. ಬದಲಾಗಿದ್ದು ಆ ಒಂದು ಪ್ರಶ್ನೆಗೆ ಕೊಟ್ಟ ಉತ್ತರ. ಇಂಟರ್ವ್ಯೂಗೆ ಇರೋದು ಶೇಕಡಾ 20 ತೂಕ ತಾನೇ ಅಂತ ಸುಮ್ನೆ ಇರಬೇಡಿ. 47ರಿಂದ 71ಕ್ಕೆ ಹೋದರೆ ಕೊನೆಯ ಪಟ್ಟಿಯಲ್ಲಿ ಹತ್ತಿರ ಹತ್ತಿರ 5 ಅಂಕ ಏರುತ್ತದೆ, ಎರಡನೇ ಸಲ ನನಗೆ ಕೆಲಸ ತಪ್ಪಿದ್ದು ಒಂದು ಅಂಕಕ್ಕಿಂತ ಕಡಿಮೆಯಲ್ಲಿ.

ಮೊದಲ ಸಲ ಕೋಚಿಂಗ್‌ನಲ್ಲಿ ಬರೆಸಿದ್ದನ್ನೇ ಒಪ್ಪಿಸಿದೆ. 1969ರಲ್ಲಿ 14 ಬ್ಯಾಂಕ್ ರಾಷ್ಟ್ರೀಕರಣ, 2014ರಲ್ಲಿ ಜನಧನ್, ದೇಶಸೇವೆ, ನನ್ನ ಲೆಕ್ಕದ ತಲೆ. ಪ್ಯಾನೆಲ್‌ನಲ್ಲಿದ್ದ ಮೇಡಂ ಅರ್ಧಕ್ಕೇ ನಿಲ್ಲಿಸಿ, "ಬೆಳಿಗ್ಗೆಯಿಂದ ಇದನ್ನ ಹೇಳ್ತಿರೋರಲ್ಲಿ ನೀವು ಆರನೆಯವರು" ಅಂದರು. ಅಲ್ಲಿಂದ ಮುಂದೆ ನನ್ನ ದನಿಯೇ ಏಳಲಿಲ್ಲ. ಎರಡನೇ ಸಲ ಇನ್ನೂ ಜಾಸ್ತಿ ದುಡ್ಡು ಸುರಿದೆ. ಇಂಟರ್ವ್ಯೂ ಪ್ಯಾಕೇಜ್ 6,000, ಮೇಲೆ ಐದು ಮಾಕ್ (ಅಭ್ಯಾಸದ ಇಂಟರ್ವ್ಯೂ), ಒಂದೊಂದಕ್ಕೆ ಸಾವಿರದ ಚಿಲ್ಲರೆ, ಬ್ಲೇಜರ್ 4,500, ಬೆಂಗಳೂರಲ್ಲಿ ಲಾಡ್ಜು, ಬಸ್ಸು ಎಲ್ಲ ಸೇರಿ 18 ಸಾವಿರ ದಾಟಿತ್ತು. ಹೆಚ್ಚಿದ್ದು ನಾಲ್ಕು ಅಂಕ.

ನಮ್ಮೂರು ಬ್ಯಾಡಗಿ ಹತ್ತಿರ. ಮೆಣಸಿನಕಾಯಿ ಬೆಳೆಯುವವರು ನಾವು. ಒಂದು ವರ್ಷ ರೇಟು ಬಿತ್ತು ಅಂತ ಅಪ್ಪ 30 ಚೀಲ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟಿದ್ದರು. ಅಷ್ಟರಲ್ಲಿ ತಂಗಿಯ ಕಾಲೇಜು ಫೀ ಬಂತು. ದಲಾಲರು ಮುಂಗಡ ಕೊಡೋಕೆ ತಯಾರಿದ್ದರು, ಆದರೆ ಮಾಲು ಅವರ ಅಂಗಡಿಗೇ ಬೀಳಬೇಕು, ಅದೂ ಆ ತಿಂಗಳೇ. ಅಪ್ಪ ಅಂಗಿ ಜೇಬಿನಿಂದ ಸ್ಟೋರೇಜಿನ ರಸೀದಿ ತೆಗೆದು, "ತಮ್ಮಾ, ಈ ಚೀಟಿ ಮ್ಯಾಲೆ ಬ್ಯಾಂಕ್‌ನಾಗ ಏನರ ಕೊಡ್ತಾರೇನು, ಕೇಳ್ಕೊಂಡು ಬಾ" ಅಂದರು. ನಾಲ್ಕು ಮಡಿಕೆಯ ಹಳದಿ ಕಾಗದ, ಬೆವರಿಗೆ ಮೂಲೆ ಮೆತ್ತಗಾಗಿತ್ತು. ಬ್ರ್ಯಾಂಚಿನ ಆಫೀಸರು ಅದನ್ನು ಬಿಡಿಸಿ, ಚೀಲ ಎಣಿಸಿ, ಅವತ್ತಿನ ರೇಟು ಹಾಕಿ, ಮಾರ್ಜಿನ್ (ರೇಟು ಬಿದ್ದರೂ ಸಾಲ ಮುಳುಗದಿರಲಿ ಅಂತ ಬ್ಯಾಂಕ್ ಹಿಡಿದಿಡುವ ಪಾಲು) ಕಳೆದು, ಒಂದು ಲಕ್ಷದ ಮೇಲೆ ಕೊಡಬಹುದು ಅಂದರು. ಮೂರ್ನಾಲ್ಕು ತಿಂಗಳು ಬಿಟ್ಟು ಮಾರಿದಾಗ ಕ್ವಿಂಟಲ್‌ಗೆ ಎರಡು ಸಾವಿರದಷ್ಟು ಜಾಸ್ತಿ ಸಿಕ್ಕಿತು.

ಮೂರನೇ ಸಲ ಇದನ್ನೇ ಹೇಳ್ತೀನಿ ಅಂದಾಗ ಕೋಚಿಂಗ್ ಸರ್, "ಮನೆ ಕಥೆ ಬೇಡ, ಅವರಿಗೆ ಅದು ಬೇಕಾಗಿಲ್ಲ" ಅಂದರು. ರೂಮಿನವರು, "ಕನಿಕರಕ್ಕೆ ಹೇಳ್ತಾನೆ ಅಂದ್ಕೋತಾರೆ" ಅಂದರು. ಅವರ ಮಾತಿನಲ್ಲೂ ಅರ್ಥ ಇತ್ತು, ಯಾಕಂದ್ರೆ ನಾನು ಮೊದಲು ಕನ್ನಡದಲ್ಲಿ ಬರೆದ ನಾಲ್ಕು ಪುಟ ಬರೀ ಕಣ್ಣೀರಾಗಿತ್ತು. ಕಷ್ಟ ಅನ್ನೋ ಪದ ಬಂದ ಸಾಲೆಲ್ಲ ಹೊಡೆದು ಹಾಕಿದೆ. ಉಳಿದಿದ್ದು ಏಳು ವಾಕ್ಯ, 45 ಸೆಕೆಂಡು. ಆಮೇಲೇ ಇಂಗ್ಲಿಷಿಗೆ ತಂದಿದ್ದು.

ನಿಜವಾದ ಕೆಲಸ ಶುರುವಾಗಿದ್ದು ಅಲ್ಲಿಂದ. ಆ ಏಳು ವಾಕ್ಯದಿಂದ ಏಳಬಹುದಾದ ಪ್ರಶ್ನೆಗಳನ್ನು ಬರೆದೆ, ಮೂವತ್ತಕ್ಕೂ ಮೇಲಾದವು. ಉತ್ತರ ಹುಡುಕಿಕೊಂಡು ಅದೇ ಬ್ರ್ಯಾಂಚಿಗೆ ಮೂರು ಸಲ, ಕೋಲ್ಡ್ ಸ್ಟೋರೇಜಿಗೆ ಎರಡು ಸಲ ಹೋದೆ. ಅಲ್ಲಿ ಅಮೋನಿಯಾ ಕಂಪ್ರೆಸರ್ ನೋಡಿದಾಗ ನನ್ನ ಮೆಕ್ಯಾನಿಕಲ್ ಎದ್ದು ಕೂತಿತು. ಒಳಗಿನ ತಂಪು ತಪ್ಪಿದರೆ ಕಾಯಿಯ ಬಣ್ಣ ಹೋಗುತ್ತದೆ. ಬ್ಯಾಡಗಿ ಕಾಯಿಗೆ ರೇಟು ಬರೋದೇ ಬಣ್ಣದಿಂದ, ಖಾರದಿಂದಲ್ಲ ಅನ್ನೋದು ನಿಮಗೆ ಗೊತ್ತು. ಹಾಗಾದರೆ ಬ್ಯಾಂಕಿನ ಅಡಮಾನ ನಿಂತಿರೋದು ಆ ಕಂಪ್ರೆಸರ್ ಮೇಲೆ, ಅಲ್ವಾ? ಇದು ಹೊಳೆದ ದಿನ ಗೆದ್ದೆ ಅನ್ನಿಸಿತು. ಈ ಸಲದ ಖರ್ಚು ಬಸ್ಸು, ಚಹಾ ಸೇರಿ ಸಾವಿರದ ಒಳಗೆ.

ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದ್ದೂ ಉಪಯೋಗಕ್ಕೆ ಬಂತು, ಮೊದಲ ದಿನ 45 ಸೆಕೆಂಡಿನಲ್ಲಿ ಹನ್ನೊಂದು ಸಲ 'ಆಕ್ಚುಲಿ' ಅಂದಿದ್ದೆ. ನನ್ನ ಉತ್ತರವನ್ನು ಗೆಳೆಯನೊಬ್ಬನಿಗೂ ಕೊಟ್ಟು ನೋಡಿದೆ. ಖಾಸಗಿ ಬ್ಯಾಂಕಿನ ಇಂಟರ್ವ್ಯೂನಲ್ಲಿ ಹೇಳಿದ. ಚೀಲಕ್ಕೆ ಸ್ಟೋರೇಜ್ ಬಾಡಿಗೆ ಎಷ್ಟು ಅಂತ ಕೇಳಿದ್ದಾರೆ, ಅಲ್ಲಿಗೇ ಸಿಕ್ಕಿಬಿದ್ದ. ತಪ್ಪು ನನ್ನದು, ಕೊಡಬಾರದಿತ್ತು. ಬೆಂಗಳೂರಲ್ಲಿ ಫಂಡ್ ಅಕೌಂಟಿಂಗ್ (ಹೂಡಿಕೆ ನಿಧಿಗಳ ಲೆಕ್ಕ ಇಡುವ) ಕೆಲಸದ ಇಂಟರ್ವ್ಯೂಗೆ ಹೋಗುತ್ತಿದ್ದ ಅತ್ತೆ ಮಗಳಿಗೆ ಅವಳದೇ ಘಟನೆ ಹಿಡಿದು ಇದೇ ರೀತಿ ಮಾಡಿಸಿದೆ. ಫೋನಿನಲ್ಲಿ ಎಚ್‌ಆರ್ ಕೇಳೋದು ಅಂತ 20 ಸೆಕೆಂಡಿಗೆ ಇಳಿಸಿದ್ದೆವು. ಅವಳಿಗೆ ಕೆಲಸ ಆಯಿತು.

ಇಂಟರ್ವ್ಯೂ ದಿನ ನಾನು ರಸೀದಿ ಮೇಲೆ ಸಾಲ ಸಿಕ್ಕಿತು ಅನ್ನೋವರೆಗೆ ಹೇಳಿ ಬಾಯಿ ಮುಚ್ಚಿದೆ. ಬೇಕಂತಲೇ. ಮುಂದಿನ ಪ್ರಶ್ನೆ ನಾನು ಅಂದುಕೊಂಡ ಜಾಗಕ್ಕೇ ಬಂತು: "ರೇಟು ಇನ್ನೂ ಬಿದ್ದಿದ್ದರೆ ಬ್ಯಾಂಕಿನ ಗತಿ?" ಮಾರ್ಜಿನ್ ಹೇಳಿದೆ, ಕಂಪ್ರೆಸರ್ ಹೇಳಿದೆ. ಗೋದಾಮುಗಳನ್ನು ನಿಯಂತ್ರಿಸುವ ಕೇಂದ್ರದ ಸಂಸ್ಥೆ ಡಬ್ಲ್ಯೂಡಿಆರ್‌ಎಯಲ್ಲಿ ನೋಂದಣಿ ಇರುವ ಗೋದಾಮಿನ ರಸೀದಿಗೂ ಖಾಸಗಿ ಸ್ಟೋರೇಜಿನ ಬರೀ ರಸೀದಿಗೂ ಏನು ವ್ಯತ್ಯಾಸ ಅಂತ ಕೇಳಿದರು, 2007ರ ಗೋದಾಮು ಕಾಯ್ದೆ ಓದಿಕೊಂಡೇ ಹೋಗಿದ್ದೆ. ಹದಿನೈದು ನಿಮಿಷದಲ್ಲಿ ಹತ್ತು ನಿಮಿಷ ಮೆಣಸಿನಕಾಯಿಯಲ್ಲೇ ಕಳೆಯಿತು. "ಈಶಾನ್ಯ ರಾಜ್ಯಕ್ಕೆ ಹಾಕಿದರೆ ಹೋಗ್ತೀರಾ?" ಅನ್ನೋದಕ್ಕೂ ಅದೇ ಕಥೆಯಿಂದ ಉತ್ತರ ತೆಗೆದೆ. "ಜಾಸ್ತಿ ಸಂಬಳ ಸಿಕ್ಕರೆ ಬಿಡ್ತೀರಾ?" ಅನ್ನೋದಕ್ಕೆ ಹೇಳಿದ ಒಂದು ಸಾಲಿಗೆ ಐದೂ ಜನ ತಲೆ ಎತ್ತಿ ನೋಡಿದರು. ಆ ಸಾಲನ್ನು ಇಲ್ಲಿ ಬರೆಯೋದಿಲ್ಲ, ತಮ್ಮ ಈ ವರ್ಷ ಇಂಟರ್ವ್ಯೂಗೆ ಹೋಗುತ್ತಿದ್ದಾನೆ.

ಅವನು ಹೈನುಗಾರಿಕೆ ಸಾಲದ ಮೇಲೆ ಮೂರು ಪುಟ ಬರೆದು ತಂದಿದ್ದ. ಹಾಲಿಗೆ ಫ್ಯಾಟ್ ನೋಡಿ ರೇಟು ಹೇಗೆ ಹಾಕ್ತಾರೆ ಅಂತ ಕೇಳಿದರೆ ಗೊತ್ತಿಲ್ಲ. ಇವತ್ತು ಬೆಳಿಗ್ಗೆ ಐದೂವರೆಗೇ ಎಬ್ಬಿಸಿ, ಕ್ಯಾನು ಕೈಗೆ ಕೊಟ್ಟು ಡೇರಿಗೆ ಕಳಿಸಿದ್ದೇನೆ.