‘ಬಂದು ಕರ್ಕೊಂಡು ಹೋಗು’ ಅಂತ ಫೋನ್ ಬಂದರೆ

ಉಡುಪಿ ಹತ್ತಿರದ ಒಂದು ವ್ಯಸನಮುಕ್ತಿ ಕೇಂದ್ರದ ಗಂಡಸರ ವಾರ್ಡಿನಲ್ಲಿ ನಾನು ರಾತ್ರಿ ಪಾಳಿಯ ನರ್ಸ್. ಮಲ್ಪೆಯ ಬೋಟಿನವರು, ಬಸ್ ಕಂಡಕ್ಟರ್‌ಗಳು, ಬ್ಯಾಂಕಿನವರು, ಮುಂಬೈ ಹೋಟೆಲಿನಲ್ಲಿ ದುಡಿದು ಬಂದವರು, ಎಲ್ಲರೂ ಇರುತ್ತಾರೆ. ಯಾರಾದರೂ ಅರ್ಧಕ್ಕೆ ಬಿಟ್ಟು ಹೋದರೆ ಮನೆಯವರು ‘ಕುಡಿಯಬೇಕಿತ್ತು, ಅದಕ್ಕೇ ಓಡಿದ’ ಅನ್ನುತ್ತಾರೆ. ಎಷ್ಟೋ ಸಲ ಅವನು ಓಡಿದ್ದು ಹಳೆಯದೊಂದು ಹೆದರಿಕೆಯಿಂದ.

ಅದಕ್ಕೆ ಮೊದಲು ಯಾವ ದಿನ ಹೊರಟ ಅಂತ ನೋಡಿ. ಕುಡಿತ ನಿಲ್ಲಿಸಿದ ಮೊದಲ ಎರಡು ಮೂರು ದಿನ ದೇಹದ ಕಾಟ: ನಡುಕ, ಬೆವರು, ಕೆಲವರಿಗೆ ಫಿಟ್ಸ್, ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ. ಆಗ ಹೊರಟರೆ ಜೀವಕ್ಕೇ ಅಪಾಯ. ಮನೆಗಲ್ಲ, ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಎರಡನೇ ವಾರದ್ದು ಬೇರೆ ಕಥೆ. ಕೈ ನಡುಗುವುದು ನಿಂತಿರುತ್ತದೆ, ಊಟ ಸೇರುತ್ತದೆ, ‘ಇನ್ನೆಂತ ತೊಂದರೆ ಇವನಿಗೆ’ ಅಂತ ಎಲ್ಲರಿಗೂ ಅನಿಸುತ್ತದೆ. ಆದರೆ ಇಷ್ಟು ದಿನ ಕುಡಿತ ಕನಸುಗಳನ್ನೂ ಒತ್ತಿ ಹಿಡಿದಿತ್ತು. ಬಿಟ್ಟ ಮೇಲೆ ಅವು ಜೋರಾಗಿ ಬರುತ್ತವೆ. ಹತ್ತು ಹನ್ನೆರಡು ವರ್ಷಕ್ಕೇ ಹೋಟೆಲಿಗೆ ಸೇರಿ, ಶಟರ್ ಎಳೆದ ಮೇಲೆ ದೊಡ್ಡವರ ನಡುವೆ ನೆಲದಲ್ಲಿ ಮಲಗಿದ ಹುಡುಗರಲ್ಲಿ ಕೆಲವರಿಗೆ ಆ ರಾತ್ರಿಗಳಲ್ಲಿ ಆಗಬಾರದ್ದು ಆಗಿರುತ್ತದೆ. ಹೆಂಡತಿಗೂ ಹೇಳಿರುವುದಿಲ್ಲ. ಈಗ ನಲವತ್ತೈದು ವರ್ಷದಲ್ಲಿ ಮತ್ತೆ ಅದೇ ರೀತಿ ಸಾಲಾಗಿ ಹಾಸಿಗೆ, ಹೊರಗಿನಿಂದ ಚಿಲಕ, ಕತ್ತಲಲ್ಲಿ ಯಾರದೋ ಹೆಜ್ಜೆ. ನಾನು ಟಾರ್ಚ್ ಹಿಡಿದು ಬಂದರೂ ಬೆಚ್ಚಿ ಎದ್ದು ಕೂರುತ್ತಾರೆ. ಬೆಳಗ್ಗೆ ಅದನ್ನು ಹೇಳುವುದಿಲ್ಲ. ‘ಊಟ ಸರಿ ಇಲ್ಲ, ಮನೆಗೆ ಹೋಗ್ತೇನೆ’ ಅನ್ನುತ್ತಾರೆ. ಊಟ ಅಷ್ಟೇನೂ ಚೆನ್ನಾಗಿಲ್ಲ, ಅದೂ ನಿಜ!

1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಬಾಲ್ಯದಲ್ಲಿ ನಾಲ್ಕು ಅಥವಾ ಜಾಸ್ತಿ ಬಗೆಯ ನೋವು ಕಂಡವರಿಗೆ ಕುಡಿತದ ಚಟದ ಅಪಾಯ ಹಲವು ಪಟ್ಟು ಹೆಚ್ಚಿತ್ತು. ನಮ್ಮ ವಾರ್ಡಿನಲ್ಲಿ ನಿಂತು ನೋಡಿದರೆ ಆಶ್ಚರ್ಯ ಆಗುವುದಿಲ್ಲ.

ಸೇರಿಸುವ ದಿನವೇ ಕೌನ್ಸೆಲರ್ ಹತ್ತಿರ ಒಂದು ಮಾತು ಹೇಳಿ. ಗುಟ್ಟು ಬಿಚ್ಚಿಡಬೇಕಾಗಿಲ್ಲ. ‘ರಾತ್ರಿ ಹೆದರ್ತಾರೆ, ಗೋಡೆ ಪಕ್ಕ ಹಾಸಿಗೆ ಕೊಡಿ, ಮುಟ್ಟಿ ಎಬ್ಬಿಸಬೇಡಿ, ಹೆಸರು ಕರೆಯಿರಿ.’ ಇಷ್ಟು ಸಾಕು. ಎಲ್ಲರ ಮುಂದೆ ಹಳೇ ಕಥೆ ಹೇಳಲು ಒತ್ತಾಯ ಮಾಡುತ್ತಾರಾ ಅಂತಲೂ ಕೇಳಿ. ಬೈದು, ಮಂಡಿಯೂರಿಸಿ ದಾರಿಗೆ ತರುತ್ತೇವೆ ಅನ್ನುವ ಕಡೆ ಬಿಡಲೇಬೇಡಿ. ನಾಲ್ಕು ಜನ ಸೇರಿ ಓಮ್ನಿಗೆ ತುಂಬಿಸಿ ತರುವುದೂ ಬೇಡ. ಚಿಕ್ಕಂದಿನಲ್ಲಿ ಪೆಟ್ಟು ತಿಂದವನಿಗೆ ಚಿಕಿತ್ಸೆ ಅಲ್ಲಿಗೇ ಮುಗಿದ ಹಾಗೆ. ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ.

ಇನ್ನು ಆ ಫೋನ್. ‘ನನಗೆ ಇಲ್ಲಿ ಆಗುದಿಲ್ಲ ಮಾರಾಯ್ತಿ, ಬಂದು ಕರ್ಕೊಂಡು ಹೋಗು.’ ‘ಬರುದಿಲ್ಲ’ ಅಂತ ಫೋನ್ ಇಡಬೇಡಿ, ‘ಈಗಲೇ ಬರ್ತೇನೆ’ ಅಂತಲೂ ಬೇಡ. ‘ರಾತ್ರಿ ನಿದ್ದೆ ಬಂತಾ?’ ಅಂತ ಕೇಳಿ. ಸುಮ್ನೆ ಕೇಳಿಸಿಕೊಳ್ಳಿ. ‘ಮಕ್ಕಳ ಮುಖ ನೋಡಿಯಾದ್ರೂ ಇರಿ’ ಅನ್ನುವ ಮಾತು ನಾಚಿಕೆಯನ್ನೇ ಹೆಚ್ಚಿಸುತ್ತದೆ, ಮೊದಲೇ ಬೇಕಾದಷ್ಟು ಇದೆ ಅಲ್ವಾ? ‘ನಾಳೆ ಬೆಳಗ್ಗೆ ಡಾಕ್ಟರ ಹತ್ತಿರ ಮಾತಾಡ್ತೇನೆ, ಸಂಜೆ ನಿಮಗೆ ಫೋನ್ ಮಾಡ್ತೇನೆ’ ಅನ್ನಿ. ಹೇಳಿದ ಹೊತ್ತಿಗೆ ಮಾಡಿ. ಚಿಕ್ಕಂದಿನಲ್ಲೇ ಜನರ ಮೇಲಿನ ನಂಬಿಕೆ ಮುರಿದುಹೋದವರಿಗೆ ಅದು ದೊಡ್ಡ ವಿಷಯ.

ನಿದ್ದೆಗೆ, ಕೆಟ್ಟ ಕನಸಿಗೆ ಔಷಧಿ ಉಂಟು, ಡಾಕ್ಟರನ್ನು ಕೇಳಿ. ‘ಮೊದಲು ಕುಡಿತ ಬಿಡಲಿ, ಉಳಿದದ್ದು ಆಮೇಲೆ’ ಅಂದರೆ ಒಪ್ಪಬೇಡಿ. ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಕೊಡಬಹುದು. ಆದರೆ ಹಳೆಯದನ್ನು ಕೆದಕುವ ಕೆಲಸ ತರಬೇತಿ ಆದವರದ್ದು, ನಿಮ್ಮದೂ ಅಲ್ಲ, ನನ್ನದೂ ಅಲ್ಲ. ರಾತ್ರಿ ಬೆಚ್ಚಿದವರಿಗೆ ನಾನು ಮಾಡುವುದು ಇಷ್ಟೇ: ಲೈಟ್ ಹಾಕುತ್ತೇನೆ, ತಣ್ಣೀರಲ್ಲಿ ಮುಖ ತೊಳೆಯಲು ಹೇಳುತ್ತೇನೆ, ಇದು ಯಾವ ಊರು, ಇವತ್ತು ಯಾವ ವಾರ ಅಂತ ಮಾತಾಡಿಸುತ್ತೇನೆ.

ಅಷ್ಟಾದರೂ ಹೊರಟರೆ? ಸ್ವಂತ ಇಚ್ಛೆಯಿಂದ ಸೇರಿದವರಿಗೆ ಹೊರಡುವ ಹಕ್ಕು ಉಂಟು. ಬೈಯದೆ ಒಳಗೆ ಕರೆಯಿರಿ, ಮಾತ್ರೆ ಚೀಟಿ ತರಿಸಿಕೊಳ್ಳಿ, ಅದೇ ವಾರ ಒಪಿಡಿಗೆ ಕರ್ಕೊಂಡು ಬನ್ನಿ. ನಡುರಾತ್ರಿ ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.