ಹಡಗಿನ ಗಡಿಯಾರ, ಕಡಲಿನ ಇಳಿತ: ಸುರತ್ಕಲ್ ಬಂಡೆ ನಡಿಗೆ

ನವಮಂಗಳೂರು ಬಂದರಿಗೆ ಪ್ರವಾಸಿ ಹಡಗುಗಳು ಹೆಚ್ಚಾಗಿ ಬೆಳಿಗ್ಗೆ ಬಂದು ಸಂಜೆ ಹೊರಡುತ್ತವೆ. ಸುರತ್ಕಲ್ ದೀಪಸ್ತಂಭದ ಬಂಡೆಗಳಲ್ಲಿ, ನೀರು ಇಳಿದಾಗ ಕಡಲಜೀವಿಗಳನ್ನು ನೋಡುವ ನಡಿಗೆ ಬೇಕೆಂದು ಬುಕಿಂಗ್ ಬಂದ ಕೂಡಲೇ ನಾವು ತಿರುವಿ ಹಾಕುವುದು ಪಂಚಾಂಗ. ಕಡಲು ಯಾವ ಹೊತ್ತಿಗೆ, ಎಷ್ಟು ಇಳಿಯುತ್ತದೆಂಬ ಅಂದಾಜು ತಿಥಿಯಿಂದ ಸಿಗುತ್ತದೆ.

ಹುಣ್ಣಿಮೆ, ಅಮಾವಾಸ್ಯೆಗೆ ಇಳಿತ ದೊಡ್ಡದು, ನಿಜ. ಆದರೆ ನಮ್ಮ ಕಡೆ ಆ ದಿನಗಳ ಇಳಿತ ಬೀಳುವುದು ನಸುಕಿಗೆ, ಮತ್ತೆ ಸಂಜೆಗೆ. ಅತಿಥಿಗಳು ಬರುವ ಹತ್ತು ಹನ್ನೊಂದರ ಹೊತ್ತಿಗೆ ಕೆಳಗಿನ ಬಂಡೆಗಳೆಲ್ಲ ನೀರೊಳಗೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದರಿಂದ ಚೌತಿಯಿಂದ ಷಷ್ಠಿವರೆಗಿನ ದಿನಗಳು ನಮಗೆ ಒಳ್ಳೆಯವು. ಅಷ್ಟಮಿಗೆ ಹೊತ್ತು ಇನ್ನೂ ಅನುಕೂಲ, ಆದರೆ ನೀರೇ ಹೆಚ್ಚು ಇಳಿಯುವುದಿಲ್ಲ. ತಿಥಿ ಅಂದಾಜಿಗೆ ಮಾತ್ರ. ನಿಖರ ಸಮಯಕ್ಕೆ ಭರತ-ಇಳಿತದ ಕೋಷ್ಟಕವೇ ಬೇಕು. ಹೊತ್ತು ಹೊಂದದಿದ್ದರೆ ಹಟ ಮಾಡದೆ ಸಸಿಹಿತ್ಲಿಗೆ ಹೋಗುತ್ತೇವೆ. ನಂದಿನಿ, ಶಾಂಭವಿ ನದಿಗಳು ಸಮುದ್ರ ಸೇರುವ ಆ ಅಳಿವೆಯಲ್ಲಿ ಹಕ್ಕಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಮರಳು ಏಡಿ ನೋಡಲು ದೊಡ್ಡ ಇಳಿತ ಬೇಕಿಲ್ಲ.

ಸಮಯವನ್ನು ಹಿಂದಿನಿಂದ ಎಣಿಸುತ್ತೇವೆ. ಹಡಗು ಐದಕ್ಕೆ ಹೊರಡುವುದಾದರೆ ಮೂರಕ್ಕೆ ಬಂದರಿನ ಗೇಟಿನಲ್ಲಿರಬೇಕು. ಬೈಕಂಪಾಡಿಯ ಟ್ಯಾಂಕರ್ ಸಾಲನ್ನು ನಂಬುವಂತಿಲ್ಲ. ಇಳಿಯುವಾಗಿನ ಕಾಗದಪತ್ರಕ್ಕೂ ಮುಕ್ಕಾಲು ಗಂಟೆ ತೆಗೆದಿಡಿ. ಹಡಗಿನ ಗಡಿಯಾರ ಭಾರತದ ಸಮಯಕ್ಕೆ ಹೊಂದಿದೆಯೇ ಎಂದು ಮೊದಲೇ ಕೇಳಿ. ಅರ್ಧ ಗಂಟೆಯ ಎಡವಟ್ಟು ಇಲ್ಲೇ ಆಗುವುದು.

ಒಬ್ಬ ಗೈಡಿಗೆ 12 ಜನ ಸಾಕು, ಹಿಂದೆ ಇನ್ನೊಬ್ಬರು. ಇಳಿತಕ್ಕೆ ಒಂದು ಗಂಟೆ ಮುಂಚೆ ಶುರುಮಾಡಿ ಒಂದೂವರೆ ಗಂಟೆಯಲ್ಲಿ ಮುಗಿಸುತ್ತೇವೆ. ಭರತ ಏರತೊಡಗಿದ ಮೇಲೆ ಯಾರೂ ಕೆಳಗಿನ ಬಂಡೆಯಲ್ಲಿರಬಾರದು. ಒಬ್ಬೊಬ್ಬರಿಗೆ ಒಂದು ಲೀಟರ್ ಕುಡಿಯುವ ನೀರು, ಜೊತೆಗೆ ಓಆರ್‌ಎಸ್. ಏಸಿಯಿಂದ ಇಳಿದವರಿಗೆ ಇಲ್ಲಿನ ಸೆಕೆ ಬಿಸಿಲಿಗಿಂತ ಕಷ್ಟ. ಹವಾಯಿ ಚಪ್ಪಲಿಯವರನ್ನು ಮರಳಿನಲ್ಲೇ ನಿಲ್ಲಿಸುತ್ತೇವೆ, ಎಷ್ಟೇ ಬೇಸರ ಮಾಡಿಕೊಂಡರೂ. ಬಂಡೆಗೆ ಅಂಟಿ ಬೆಳೆಯುವ ಗಟ್ಟಿ ಚಿಪ್ಪಿನ ಪುಟ್ಟ ಜೀವಿ ಬಾರ್ನಕಲ್. ಅದು ಒಣಗಿದ್ದರೆ ಮೇಲೆ ಕಾಲು ನಿಲ್ಲುತ್ತದೆ, ಹಸಿರು ಪಾಚಿಯ ಮೇಲೆ ನಿಲ್ಲುವುದಿಲ್ಲ. ಬಾರ್ನಕಲ್ ಮೇಲೆ ಬಿದ್ದರೆ ಮಾತ್ರ ಚರ್ಮ ಕಿತ್ತು ಬರುತ್ತದೆ.

ತೋರಿಸುವುದು ಮೇಲಿನಿಂದ ಕೆಳಕ್ಕೆ: ಮೊದಲು ಬಿಸಿಲು ತಾಳುವ ಪುಟ್ಟ ಬಸವನಹುಳು, ಆಮೇಲೆ ಬಾರ್ನಕಲ್, ಕಲ್ಲಿಗಂಟಿದ ಸಿಂಪಿ, ಕೊನೆಗೆ ಹೊಂಡಗಳಲ್ಲಿ ಹೂವಿನಂತೆ ಕಾಣುವ ಜೀವಿ, ಸಮುದ್ರ ಹೂವು (ಸೀ ಅನಿಮೋನ್). ಎತ್ತಿದ ಕಲ್ಲನ್ನು ಅದೇ ಮಗ್ಗುಲಿಗೆ ಇಡಬೇಕು. ಮಗುಚಿಟ್ಟರೆ ಅಡಿಯಲ್ಲಿದ್ದ ಜೀವಿ ಒಣಗಿ ಸಾಯುತ್ತದೆ. ಶಂಕುವಿನಾಕಾರದ ಚಿಪ್ಪನ್ನು ಮುಟ್ಟಲು ಬಿಡುವುದಿಲ್ಲ, ಒಳಗೆ ವಿಷದ ಮುಳ್ಳಿನ ಹುಳು ಜೀವಂತವಾಗಿರಬಹುದು. ಖಾಲಿ ಚಿಪ್ಪನ್ನೂ ಒಯ್ಯಲು ಬಿಡುವುದಿಲ್ಲ: ಕೆಲವು ಜಾತಿಗಳು 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಿತ, ಬ್ಯಾಗ್ ತಪಾಸಣೆಯಲ್ಲಿ ಸಿಕ್ಕಿಬೀಳುವುದು ಅತಿಥಿಯೇ.